ಪಿನ್ನಿಲ್ಲದ ನಟ್ಟು

ಟಾರ್ಚಮ್ಮ ಅಜ್ಜಿಯ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಅರ್ಧ ಗಂಟೆಯಾಗಿತ್ತು. ಬೆನ್ನಿಗೆ ಜಲ್ಲಿಕಲ್ಲು ಒತ್ತುತ್ತಿತ್ತು, ಮೂಗಿನ ತುದಿಗೆ ಹಳೆಯ ಎಣ್ಣೆ ತೊಟ್ಟಿಕ್ಕುತ್ತಿತ್ತು. ಎರಡನ್ನೂ ಅವಳು ಗಮನಕ್ಕೆ ತಂದುಕೊಳ್ಳಲಿಲ್ಲ.

ಅಜ್ಜಿಯೆಂದರೆ ಅರುವತ್ತೆಂಟು ವರ್ಷದ ಒಂದು ಬೂದು ಕಾರು. ಅಪ್ಪನ ಗ್ಯಾರೇಜಿನಲ್ಲಿ ಎಂಟು ತಿಂಗಳು ಬಿಡಿಬಿಡಿಯಾಗಿ ಬಿದ್ದಿದ್ದು, ಮತ್ತೆ ಒಂದಾಗಿ, ಮೂರು ವಾರದ ಹಿಂದಿನ ಶನಿವಾರ ರಸ್ತೆಗಿಳಿದಿತ್ತು. ಇಳಿಜಾರಿನ ತಿರುವಿನಲ್ಲಿ ಸ್ಟೀರಿಂಗ್ ತಿರುಗಿತು, ಚಕ್ರಗಳು ತಿರುಗಲಿಲ್ಲ. ಕಲ್ಲಿನ ಗೋಡೆಗೆ ಬಡಿದು ಕಾರು ನಿಂತಾಗ ಒಳಗಿದ್ದವನು ಟಾರ್ಚಮ್ಮನ ಒಬ್ಬನೇ ಒಬ್ಬ ತಮ್ಮ.

ಅಪಘಾತವಾದ ಗಾಡಿಗಳನ್ನು ಬಗೆದು ನೋಡಿ ಕಾರಣ ಹೇಳುವುದು ಅವಳ ಇಪ್ಪತ್ತೆರಡು ವರ್ಷದ ನೌಕರಿ. ಹಗಲಲ್ಲೂ ಟಾರ್ಚು ಹಿಡಿದು ತಿರುಗುತ್ತಾಳೆಂದು ಇಲಾಖೆಯವರು ಇಟ್ಟ ಹೆಸರು ಅವಳ ನಿಜವಾದ ಹೆಸರನ್ನು ಎಂದೋ ನುಂಗಿಹಾಕಿತ್ತು. ಸ್ವಂತ ತಮ್ಮ ಸತ್ತ ಗಾಡಿಯನ್ನು ನೀವು ಮುಟ್ಟಬಾರದು ಎಂದು ಸಾಹೇಬರು ಎರಡು ಸಲ ಹೇಳಿದ್ದರು. ಆದರೆ ಅಷ್ಟು ಹಳೆಯ ಕಾರಿನ ಮೈಕಟ್ಟು ತಿಳಿದವರು ಇಲಾಖೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಕೊನೆಗೆ ಸಾಹೇಬರು ಕಂಡೂ ಕಾಣದವರ ಹಾಗೆ ಕಡತವನ್ನು ಅವಳ ಮೇಜಿನ ಮೇಲಿಟ್ಟರು. ವರದಿಯಲ್ಲಿ ಯಾರ ಕೈತಪ್ಪು ಎಂದು ಹೆಸರು ಹಾಕಲೇಬೇಕು, ಹೆಸರು ಬಿದ್ದವರ ಮೇಲೆ ಕೇಸು ಆಗಿಯೇ ಆಗುತ್ತದೆ, ಆಮೇಲೆ ನನ್ನ ಹತ್ತಿರ ಬಂದು ಕಣ್ಣೀರು ಹಾಕಬಾರದು ಎಂದರು. ಗಡುವು ಇವತ್ತು ಸಂಜೆ ಐದಕ್ಕೆ. ಈಗ ಹನ್ನೊಂದಾಗಿತ್ತು.

ಅವಳು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಮುಂದಿನ ಚಕ್ರದ ಕಡೆಗೆ ತೆವಳಿದಳು. ಸ್ಟೀರಿಂಗಿನಿಂದ ಚಕ್ರಗಳಿಗೆ ಹೋಗುವ ಉಕ್ಕಿನ ಕೋಲು ಒಂದು ತುದಿಯಲ್ಲಿ ಕಳಚಿ ನೇತಾಡುತ್ತಿತ್ತು. ಆ ತುದಿಯನ್ನು ಹಿಡಿದಿಡುವುದು ಒಂದು ಬೋಲ್ಟು ಮತ್ತು ಅದರ ಮೇಲೊಂದು ನಟ್ಟು. ಬೋಲ್ಟು ಇತ್ತು, ನಟ್ಟು ಇರಲಿಲ್ಲ.

ಬೋಲ್ಟಿನ ಸುರುಳಿ ಗೆರೆಗಳ ಮೇಲೆ ಉಗುರಾಡಿಸಿ ನೋಡಿದಳು. ಒಂದೂ ಹರಿದಿರಲಿಲ್ಲ. ಅಂದರೆ ಗೋಡೆಗೆ ಬಡಿದ ಏಟಿಗೆ ನಟ್ಟು ಕಿತ್ತುಬಂದಿರಲಿಲ್ಲ. ಗೋಡೆಗೆ ಬಡಿಯುವ ಮೊದಲೇ, ದಾರಿಯ ಕುಲುಕಾಟಕ್ಕೆ ಒಂದೊಂದೇ ಸುತ್ತು ಬಿಚ್ಚಿಕೊಂಡು ಎಲ್ಲೋ ಉದುರಿಹೋಗಿತ್ತು.

ಹಾಗೆ ಬಿಚ್ಚಿಕೊಳ್ಳಬಾರದೆಂದೇ ಆ ಬೋಲ್ಟಿನ ತುದಿಯಲ್ಲಿ ಒಂದು ಅಡ್ಡ ತೂತು ಇರುತ್ತದೆ. ನಟ್ಟು ಬಿಗಿದ ಮೇಲೆ ಆ ತೂತಿಗೆ ಒಂದು ಸ್ಪ್ಲಿಟ್ ಪಿನ್ನು ತೂರಿಸಿ, ಅದರ ಎರಡು ಕಾಲುಗಳನ್ನು ಅಗಲಿಸಿ ಮಡಿಸಬೇಕು. ತಲೆಕೂದಲಿಗೆ ಹಾಕುವ ಪಿನ್ನಿನಷ್ಟು ಚಿಕ್ಕ ವಸ್ತು. ಅದಿದ್ದರೆ ನಟ್ಟು ಜನ್ಮದಲ್ಲಿ ಅಲ್ಲಾಡುವುದಿಲ್ಲ.

ಪಿನ್ನು ಮುರಿದಿದ್ದರೆ ಅದರ ಚೂರು ತೂತಿನೊಳಗೆ ಸಿಕ್ಕಿಕೊಂಡಿರಬೇಕಿತ್ತು. ಟಾರ್ಚಮ್ಮ ಬೆಳಕು ಬಿಟ್ಟಳು. ಚೂರು ಇರಲಿಲ್ಲ. ಆದರೆ ತೂತಿನ ಒಳಗೋಡೆಗೆ, ಈ ಕಡೆಯಿಂದ ಆ ಕಡೆಯವರೆಗೆ, ನುಣ್ಣಗೆ ಕಪ್ಪು ಬಣ್ಣ ಅಂಟಿಕೊಂಡಿತ್ತು.

ಕಾರಿನ ತಳಕ್ಕೆ ತುಕ್ಕು ಹಿಡಿಯದ ಹಾಗೆ ಬಳಿಯುವ ಬಣ್ಣ ಅದು. ಬಳಿಯುವ ದಿನ ಪಿನ್ನು ಇದ್ದಿದ್ದರೆ ಬಣ್ಣ ಪಿನ್ನಿನ ಮೇಲೆ ಕೂರುತ್ತಿತ್ತು, ಒಳಕ್ಕೆ ಹೋಗುತ್ತಿರಲಿಲ್ಲ. ಬಣ್ಣ ಬಿದ್ದದ್ದು ಗುರುವಾರ ಬೆಳಿಗ್ಗೆ. ಅಂದರೆ ತಮ್ಮ ಸಾಯುವುದಕ್ಕೆ ಎರಡು ದಿನ ಮೊದಲೇ ಆ ತೂತು ಖಾಲಿಯಾಗಿತ್ತು.

ಇಲಾಖೆಯ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿದ್ದ ಕಾವಲುಗಾರ, ಏನಾದರೂ ಸಿಕ್ಕಿತಾ ಮೇಡಂ ಎಂದು ಕೇಳಿದ. ಇರಬೇಕಾದ್ದು ಇಲ್ಲ ಅನ್ನೋದು ಸಿಕ್ಕಿತು ಎಂದು ಹೇಳಿ ಅವಳು ಎದ್ದು ಬೆನ್ನಿನ ಧೂಳು ಕೊಡವಿಕೊಂಡಳು. ಅವನು ಅರ್ಥವಾದವನ ಹಾಗೆ ತಲೆಯಾಡಿಸಿ ಮತ್ತೆ ಕಣ್ಣು ಮುಚ್ಚಿದ.

ಅಲ್ಲಿಂದ ಅವಳು ಅಪ್ಪನ ಗ್ಯಾರೇಜಿಗೆ ಬಂದಾಗ ತಗಡಿನ ಬಾಗಿಲು ಅರ್ಧ ಎತ್ತಿತ್ತು. ಮೂರು ವಾರದಿಂದ ಅದನ್ನು ಪೂರ್ತಿ ಎತ್ತುವ ಮನಸ್ಸು ಯಾರಿಗೂ ಬಂದಿರಲಿಲ್ಲ. ಟಾರ್ಚಮ್ಮ ಬಗ್ಗಿ ಒಳಗೆ ಹೋದಳು. ಅಜ್ಜಿ ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಮರದ ದಿಮ್ಮಿಗಳು ಹಾಗೇ ಇದ್ದವು. ಅವುಗಳ ಪಕ್ಕದಲ್ಲಿ ತಮ್ಮನ ಚಪ್ಪಲಿ. ಕಾರು ಹತ್ತುವ ಮುನ್ನ ಬೂಟು ಹಾಕಿಕೊಂಡು ಹೋಗಿದ್ದ.

ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಬಳಿಯುವ ಬಣ್ಣದವನು ಅವಳನ್ನು ಕಂಡೊಡನೆ ಬ್ರಷ್ಷನ್ನು ಥಿನ್ನರಿನಲ್ಲಿ ಅದ್ದಿ ಅದ್ದಿ ತೊಳೆಯತೊಡಗಿದ. ಆ ಬ್ರಷ್ಷು ಆಗಲೇ ಸ್ವಚ್ಛವಾಗಿತ್ತು.

ಅವನ ಮೇಲೆ ಅವಳಿಗೆ ಮೊದಲಿನಿಂದಲೂ ಒಂದು ಕಣ್ಣು. ಆ ಗುರುವಾರ ಮಧ್ಯಾಹ್ನ ಅವನಿಗೂ ತಮ್ಮನಿಗೂ ಮಾತಿಗೆ ಮಾತು ಬೆಳೆದು, ಬೀದಿಯ ಆ ತುದಿಯ ಅಂಗಡಿಯವರು ಕೂಡ ಎದ್ದು ನಿಂತು ಕೇಳಿದ್ದರು. ಜಗಳ ಒಂದು ತೊಟ್ಟು ಬಣ್ಣದ್ದು. ತಮ್ಮನ ಅಳತೆಪಟ್ಟಿಯ ಮೇಲೆ ಬಿದ್ದಿತ್ತು, ಅಷ್ಟೇ. ಅಷ್ಟಕ್ಕೇ ನಿನ್ನ ಮುಖ ನೋಡಲ್ಲ ಎನ್ನುವವರೆಗೆ ಹೋಗಿದ್ದರು, ಮತ್ತೆ ನೋಡುವುದಕ್ಕೆ ಒಂದೇ ದಿನ ಉಳಿದಿತ್ತು.

ಅವಳು ಸುತ್ತಿ ಬಳಸಿ ಕೇಳಲಿಲ್ಲ. ಸ್ಟೀರಿಂಗ್ ಬೋಲ್ಟಿನ ತೂತಿಗೆ ಬಣ್ಣ ಬಳಿದವನು ನೀನು, ತೂತು ಖಾಲಿ ಇದ್ದದ್ದು ಕಾಣಲಿಲ್ಲವೇ ಎಂದಳು.

ಬಣ್ಣದವನು ಬ್ರಷ್ಷನ್ನು ಕೆಳಗಿಟ್ಟ. ಕಂಡಿತ್ತು ಎಂದ. ನಟ್ಟು ಬೋಲ್ಟಿನ ವಿಷಯಕ್ಕೆ ಮೂಗು ತೂರಿಸಬೇಡ ಎಂದು ಮೇಸ್ತ್ರಿ, ಅಂದರೆ ಅವಳ ಅಪ್ಪ, ಒಂದು ಸಲ ಉಗಿದಿದ್ದರಂತೆ, ಅಂದಿನಿಂದ ಅವನು ಬಾಯಿ ಹೊಲಿದುಕೊಂಡಿದ್ದನಂತೆ. ಅದೂ ಅಲ್ಲದೆ ತಟ್ಟೆ ಖಾಲಿ ಇತ್ತು. ತಟ್ಟೆ ಖಾಲಿ ಇದ್ದ ಮೇಲೆ ಕೇಳುವುದೇನಿದೆ ಎಂದುಕೊಂಡನಂತೆ.

ತಟ್ಟೆಯೆಂದರೆ ಆ ಗ್ಯಾರೇಜಿನ ಕೋರ್ಟು. ಅಂಚು ಚೆಕ್ಕೆಯೆದ್ದ ಒಂದು ಬಿಳಿ ಪಿಂಗಾಣಿ ತಟ್ಟೆ. ಯಾವುದೇ ಕಾರನ್ನು ಜೋಡಿಸಲು ಕೂರುವ ಮುನ್ನ ಮೇಸ್ತ್ರಿ ಬೇಕಾದಷ್ಟೇ ಹೊಸ ಪಿನ್ನುಗಳನ್ನು ಎಣಿಸಿ ಅದರಲ್ಲಿ ಇಡುತ್ತಿದ್ದ. ಕೆಲಸ ಮುಗಿದಾಗ ತಟ್ಟೆ ಖಾಲಿಯಾಗಿರಬೇಕು. ಒಂದು ಉಳಿದರೂ ಎಲ್ಲವನ್ನೂ ಬಿಚ್ಚಿ ಹುಡುಕಬೇಕು. ಸ್ಟೀರಿಂಗಿಗೆ ಪಿನ್ನು ಹಾಕುವ ಕೈ ಮಾತ್ರ ಮೇಸ್ತ್ರಿಯದ್ದೇ, ಬೇರೆ ಯಾರೂ ಹಾಕುವಂತಿರಲಿಲ್ಲ.

ತಮ್ಮ ಆರು ವರ್ಷದವನಿದ್ದಾಗ ತಮಾಷೆಗೆಂದು ತಟ್ಟೆಗೆ ಒಂದು ಹೆಚ್ಚಿನ ಪಿನ್ನು ಹಾಕಿ ಬಾಗಿಲ ಹಿಂದೆ ನಿಂತಿದ್ದ. ಅಪ್ಪ ಎರಡು ದಿನ ಕೂತು ಒಂದು ಇಡೀ ಕಾರನ್ನು ಬಿಚ್ಚಿದ್ದ. ನಿಜ ಗೊತ್ತಾದ ಮೇಲೆ ಬೈಯಲಿಲ್ಲ, ಹೊಡೆಯಲಿಲ್ಲ, ಮತ್ತೆ ಜೋಡಿಸುವಾಗ ಪ್ರತಿಯೊಂದು ನಟ್ಟನ್ನೂ ಅವನ ಕೈಯಲ್ಲೇ ಒರೆಸಿಸಿದ. ಟಾರ್ಚಮ್ಮನಿಗೆ ಈಗ ಅದು ನೆನಪಾಯಿತು.

ಬಣ್ಣದವನು ತಲೆ ಎತ್ತಲಿಲ್ಲ.

"ಊಟ ಆದ್ಮೇಲೆ ಅವನಿಗೊಂದು ಮಾತು ಹೇಳೋಣ ಅಂದ್ಕೊಂಡಿದ್ದೆ ಮೇಡಂ. ಊಟ ಆದ್ಮೇಲೆ ಜಗಳ ಆಯ್ತು."

"ಸಿಟ್ಟಿಗೆ ಹೇಳಲಿಲ್ಲ ಅನ್ನು."

"ಹಾಗಂತ ತಿಳ್ಕೋಬೇಡಿ." ಬ್ರಷ್ಷನ್ನು ಮತ್ತೆ ಕೈಗೆತ್ತಿಕೊಂಡು ಅವನೇ ಹೇಳಿದ. "ತಿಳ್ಕೊಂಡ್ರೂ ತಪ್ಪಿಲ್ಲ."

ಬೇಕೆಂದೇ ಪಿನ್ನು ಕಿತ್ತವನು ಅದೇ ತೂತಿಗೆ ತನ್ನ ಕೈಯಾರೆ ಬಣ್ಣ ಬಳಿದು ಸಾಕ್ಷಿ ಇಟ್ಟುಹೋಗುವುದಿಲ್ಲ. ಇವನು ಸುಮ್ಮನಿದ್ದು ಕೆಟ್ಟವನು, ಕೆಡಿಸಿದವನಲ್ಲ. ಟಾರ್ಚಮ್ಮ ಅವನ ಹೆಸರನ್ನು ಮನಸ್ಸಿನಲ್ಲೇ ಹೊಡೆದುಹಾಕಿದಳು. ಆಮೇಲೆ ಉಳಿಯುವ ಹೆಸರು ಯಾವುದೆಂದು ಅವಳಿಗೆ ಗೊತ್ತಿತ್ತು. ಆದರೂ ಕಿಟಕಿಯ ಕಡೆಗೆ ನಡೆದಳು.

ಅಪ್ಪ ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತು ಕಾರ್ಬುರೇಟರು ಒಂದನ್ನು ಒರೆಸುತ್ತಿದ್ದ. ಮೂರು ವಾರದಿಂದ ಅದೇ ಕಾರ್ಬುರೇಟರು. ಎಪ್ಪತ್ತನಾಲ್ಕು ವರ್ಷ, ಅದರಲ್ಲಿ ನಲವತ್ತೈದು ವರ್ಷ ಈ ಮೇಜು. ಬೀದಿಗೆಲ್ಲ ಅವನು ಮೇಸ್ತ್ರಿ. ಅಪ್ಪ ಎನ್ನುವವರು ಇಬ್ಬರಿದ್ದರು, ಈಗ ಒಬ್ಬಳು.

ಅವಳು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ಅವನು ತಲೆ ಎತ್ತದೆ, ಬಾಯಿ ತೆರೆಯಲು ಬಿಡದೆ ಹೇಳಿದ.

"ಬರ್ಕೋ. ನಾನು ಪಿನ್ನು ಹಾಕೋದು ಮರೆತೆ."

ಟಾರ್ಚಮ್ಮ ಚೀಲದಿಂದ ಕಾಗದ ತೆಗೆಯಲಿಲ್ಲ.

"ತಟ್ಟೆ ಖಾಲಿ ಇತ್ತಂತಲ್ಲ."

"ಒಂದು ಉಳಿದಿತ್ತು. ಜೇಬಿಗೆ ಹಾಕ್ಕೊಂಡೆ, ಆಮೇಲೆ ಹಾಕೋಣ ಅಂತ. ಮರೆತೆ."

ಅವನು ಅಂಗಿಯ ಜೇಬಿನಿಂದ ಮಡಿಸಿದ ಕಾಗದದ ಪೊಟ್ಟಣ ತೆಗೆದು ಅವಳ ಮುಂದೆ ತಳ್ಳಿದ. ಬಿಚ್ಚಿದರೆ ಒಳಗೆ ಒಂದು ಸ್ಪ್ಲಿಟ್ ಪಿನ್ನು. ಸಾಹೇಬರಿಗೆ ಇದನ್ನೇ ತೋರಿಸು, ನನ್ನ ಹೆಸರು ಬರೆದು ಕೈ ತೊಳೆದುಕೋ, ಈ ವಯಸ್ಸಿನಲ್ಲಿ ನನ್ನನ್ನು ಒಳಗೆ ಹಾಕಿದರೂ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದ. ಒಂದೇ ಉಸಿರಿನಲ್ಲಿ ಹೇಳಿದ. ಮನೆಯಲ್ಲಿ ಹೇಳಿಕೊಂಡು ಬಂದ ಪಾಠದ ಹಾಗಿತ್ತು ಅದು.

ಅಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅದು ಅವಳಿಗೆ ಗೊತ್ತಿದ್ದಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವಳು ಪಿನ್ನನ್ನು ಬೆರಳ ತುದಿಯಲ್ಲೆತ್ತಿ ಟಾರ್ಚು ಹಚ್ಚಿದಳು.

ಹೊಸ ಪಿನ್ನಿನ ಕಾಲುಗಳು ಒಂದಕ್ಕೊಂದು ಅಂಟಿಕೊಂಡು ನೆಟ್ಟಗಿರುತ್ತವೆ. ಇದರ ಕಾಲುಗಳೂ ನೆಟ್ಟಗಿದ್ದವು, ಆದರೆ ಒಂದೊಂದರಲ್ಲೂ ಸಣ್ಣ ಸೊಟ್ಟ. ಒಂದು ಸಲ ಮಡಿಸಿದ್ದನ್ನು ಇಕ್ಕಳದಿಂದ ಮತ್ತೆ ನೆಟ್ಟಗೆ ಮಾಡಿದ ಗುರುತು. ಒಮ್ಮೆ ಮಡಿಸಿದ ಪಿನ್ನನ್ನು ಎರಡನೆಯ ಸಲ ಬಳಸಬಾರದು ಎಂದು ಅವಳಿಗೆ ಕಲಿಸಿದ ಮನುಷ್ಯ ಎದುರಿಗೇ ಕೂತಿದ್ದ.

ಅಷ್ಟೇ ಅಲ್ಲ. ಪಿನ್ನಿನ ನಡುವಿನಲ್ಲಿ ಕೂದಲೆಳೆಯಷ್ಟು ಅಗಲಕ್ಕೆ ಲೋಹ ಸವೆದು ಬೆಳ್ಳಗೆ ಹೊಳೆಯುತ್ತಿತ್ತು.

"ಅಪ್ಪ, ಇದು ಹಾಕಿ ತೆಗೆದಿರೋ ಪಿನ್ನು."

"ಯಾವುದೋ ಹಳೇದು ಸೇರ್ಕೊಂಡಿರಬೇಕು."

"ನಿನ್ನ ತಟ್ಟೆಗೆ ಹಳೇ ಪಿನ್ನು. ಬೇರೆ ಯಾರಾದ್ರೂ ಈ ಮಾತು ಹೇಳಿದ್ರೆ ಅವರ ಕೆನ್ನೆಗೆ ಬಾರಿಸ್ತಿದ್ದೆ ನೀನು."

ಅವನು ಕಾರ್ಬುರೇಟರನ್ನು ಒರೆಸುವುದು ನಿಲ್ಲಿಸಲಿಲ್ಲ. ಬಟ್ಟೆ ಮಾತ್ರ ಒಂದೇ ಜಾಗದಲ್ಲಿ ಓಡಾಡುತ್ತಿತ್ತು.

"ಇಲ್ಲಿ ಸವೆದಿದೆ ನೋಡು. ನಟ್ಟಲ್ಲಿ ಪಿನ್ನು ಕೂತಲ್ಲೇ ಕೂತಿರುತ್ತೆ, ಸವೆಯೋ ಮಾತೇ ಇಲ್ಲ. ಇದು ದಿನವಿಡೀ ಅಲ್ಲಾಡೋ ಕಡೆ ಇತ್ತು. ಎಲ್ಲಿತ್ತು?"

"ನನ್ನ ಹೆಸರು ಬರೀತೀಯೋ ಇಲ್ವೋ."

"ಎಲ್ಲಿತ್ತು ಅಂತ ಕೇಳ್ದೆ."

ಅಪ್ಪನ ಕಣ್ಣು ಒಂದು ಕ್ಷಣ ಅವಳ ಭುಜದ ಆಚೆಗೆ ಹೋಗಿ, ಥಟ್ಟನೆ ಹಿಂದಕ್ಕೆ ಬಂತು. ಇಪ್ಪತ್ತೆರಡು ವರ್ಷ ಎದುರಿನವರ ಕಣ್ಣನ್ನೇ ನೋಡಿ ಬದುಕಿದವಳಿಗೆ ಅಷ್ಟು ಸಾಕಾಗಿತ್ತು.

ಈ ಗ್ಯಾರೇಜಿನಲ್ಲಿ ಮೂರು ವಾರದಿಂದ ಲೇತು ತಿರುಗಿಲ್ಲ, ಡ್ರಿಲ್ಲು ತಿರುಗಿಲ್ಲ. ನಿಲ್ಲದೆ ಅಲ್ಲಾಡುತ್ತಿದ್ದದ್ದು ಒಂದೇ ಒಂದು. ಹಿಂದಿನ ಕೋಣೆಯಲ್ಲಿ ಕಾರಿನ ಸೀಟು ಹೊಲಿಯುವ ಕಾಲುಮಿಷನ್ನು.

ಅವಳು ಎದ್ದಳು. ಮೊಣಕಾಲು ನೋವೆಂದು ಯಾರು ಬಂದರೂ ಕೂತಲ್ಲಿಂದಲೇ ಮಾತಾಡಿಸುವ ಅಪ್ಪ, ಅವಳಿಗಿಂತ ಮೊದಲು ಎದ್ದು ದಾರಿಗೆ ಅಡ್ಡ ನಿಂತ.

"ಬೇಡ ಕಣಮ್ಮ. ಸೊಸೆ ಹತ್ರ ಬ್ರೇಕು ಹೋಯ್ತು ಅಂತ ಹೇಳಿದೀವಿ. ಅಷ್ಟೇ ಇರ್ಲಿ."

ಬದುಕಿನಲ್ಲಿ ಅಪ್ಪ ಅವಳ ಹತ್ತಿರ ಏನನ್ನೂ ಬೇಡಿರಲಿಲ್ಲ. ಈಗ ಬೇಡುತ್ತಿದ್ದ. ಆದರೂ ಅವನ ಕೈಯನ್ನು ಮೆಲ್ಲಗೆ ಸರಿಸಿ ಒಳಗೆ ಹೋದಳು.

ತಮ್ಮನ ಹೆಂಡತಿ ಮಿಷನ್ನಿನ ಮುಂದೆ ಬಗ್ಗಿ ಕೂತು ಕಂದು ಚರ್ಮದ ಅಂಚನ್ನು ಸೂಜಿಯ ಕೆಳಗೆ ತಳ್ಳುತ್ತಿದ್ದಳು. ಅದು ಅಜ್ಜಿಯ ಹಿಂದಿನ ಸೀಟು. ಮುಂದಿನ ಎರಡು ಸೀಟುಗಳು ಕಾರಿನ ಜೊತೆಗೇ ಹೋಗಿದ್ದವು, ಇದೊಂದು ಬಾಕಿ ಉಳಿದಿತ್ತು. ಕಾರೇ ಇಲ್ಲದ ಮೇಲೆ ಸೀಟು ಯಾಕೆ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕಾರಿನ ಯಜಮಾನರಾದ ಹಲ್ಲಿನ ಡಾಕ್ಟರು ಕೂಡ ಒಂದು ದಿನ ಬಂದು, ಬಾಗಿಲಲ್ಲೇ ನಿಂತು ನೋಡಿ, ಏನೂ ಹೇಳದೆ ಹೋಗಿದ್ದರಂತೆ. ಅವಳು ಹೊಲಿಯುವುದು, ತಪ್ಪಾಯಿತೆಂದು ಬಿಚ್ಚುವುದು, ಮತ್ತೆ ಹೊಲಿಯುವುದು ಮಾಡುತ್ತಲೇ ಇದ್ದಳು.

ಟಾರ್ಚಮ್ಮ ನೆಲದ ಮೇಲೆ ಕೂತು ಮಿಷನ್ನಿನ ಕೆಳಗೆ ನೋಡಿದಳು. ಕಾಲು ತುಳಿಯುವ ಹಲಗೆಯಿಂದ ಮೇಲಿನ ಚಕ್ರಕ್ಕೆ ಹೋಗುವ ಕೋಲಿನ ಕೀಲಿಗೆ ಪಿನ್ನಿರಲಿಲ್ಲ. ಅದರ ಜಾಗದಲ್ಲಿ ಒರಟಾಗಿ ತಂತಿ ಸುತ್ತಿತ್ತು. ಕೀಲಿನ ತೂತಿನ ಅಳತೆಯನ್ನು ಅವಳು ಕಣ್ಣಲ್ಲೇ ತೆಗೆದಳು, ಮುಷ್ಟಿಯಲ್ಲಿದ್ದ ಪಿನ್ನಿನ ದಪ್ಪವನ್ನು ಬೆರಳಲ್ಲೇ ತೆಗೆದಳು. ಎರಡೂ ಒಂದೇ.

ಅವಳಿಗೆ ಎಲ್ಲವೂ ಒಟ್ಟಿಗೇ ಹೊಳೆಯಿತು. ಅಪ್ಪ ಪಿನ್ನು ಹಾಕಿದ್ದ, ತಟ್ಟೆ ಖಾಲಿಯಾಗಿತ್ತು. ಆಮೇಲೆ ಹೆಂಡತಿಯ ಮಿಷನ್ನು ಕೈಕೊಟ್ಟಾಗ ತಮ್ಮನೇ ಅಜ್ಜಿಯ ಪಿನ್ನು ತೆಗೆದು ಇಲ್ಲಿ ಹಾಕಿದ. ಹೊಸದು ಹಾಕಲು ಮರೆತ. ತೆಗೆದ ಪಿನ್ನಿಗೆ ತಟ್ಟೆಯಲ್ಲಿ ಗುರುತಿಲ್ಲ, ಆದ್ದರಿಂದ ಶನಿವಾರ ಬೆಳಿಗ್ಗೆ ಎಲ್ಲರಿಗೂ ಖಾಲಿ ತಟ್ಟೆಯೇ ಕಂಡಿತು. ತಪ್ಪು ಅವನದೇ, ಸತ್ತವನೂ ಅವನೇ. ಅದು ಈ ಹುಡುಗಿಯ ಕಿವಿಗೆ ಬೀಳಬಾರದೆಂದು ಅಪ್ಪ ತಪ್ಪನ್ನು ತನ್ನ ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಾನೆ.

ಸತ್ತವರ ಮೇಲೆ ಕೇಸಿಲ್ಲ. ವರದಿಯಲ್ಲಿ ತಮ್ಮನ ಹೆಸರು ಹಾಕಿದರೆ ಕಡತ ಇವತ್ತೇ ಮುಚ್ಚುತ್ತದೆ, ಅಪ್ಪ ಮನೆಯಲ್ಲೇ ಉಳಿಯುತ್ತಾನೆ. ಟಾರ್ಚಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು, ಮರುಗಳಿಗೆಯೇ ಹಾಗೆ ಆದದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ತಾನು ಎತ್ತಿ ಆಡಿಸಿದ ಮಗು ಅದು. ಅದರ ಹೆಸರಿಗೆ ಮಸಿ ಬಳಿದು ಅಪ್ಪನನ್ನು ಉಳಿಸಿಕೊಳ್ಳುವ ಲೆಕ್ಕ ಹಾಕುತ್ತಿದ್ದಳು. ಅವಳು ಅಲ್ಲೇ, ಚರ್ಮದ ಚೂರುಗಳ ನಡುವೆ, ಸದ್ದಿಲ್ಲದೆ ಅತ್ತಳು. ಮೂರು ವಾರದಲ್ಲಿ ಅದೇ ಮೊದಲು.

ಮಿಷನ್ನು ನಿಂತಿತು. ತಮ್ಮನ ಹೆಂಡತಿ ಬಗ್ಗಿ ಅವಳ ಕೈಯನ್ನೇ ನೋಡುತ್ತಿದ್ದಳು.

"ಅಕ್ಕ, ಅದು ನಂದು."

ಟಾರ್ಚಮ್ಮ ಮುಷ್ಟಿ ಮುಚ್ಚಿಕೊಂಡಳು, ತಡವಾಗಿತ್ತು.

"ಮಾವ ಹೋದ ವಾರ ಬಿಚ್ಕೊಂಡು ಹೋದ್ರು. ಬೇರೆ ಹಾಕಿಕೊಡ್ತೀನಿ ಅಂದ್ರು, ಹಾಕ್ಲಿಲ್ಲ. ಪಿನ್ನಿನ ಡಬ್ಬ ಕಂಡ್ರೇನೇ ಎದ್ದು ಹೋಗ್ತಾರೆ, ಪಾಪ. ನಂಗೆ ಬೇರೆ ಬೇಡ ಅಕ್ಕ. ನಿಮ್ಮ ತಮ್ಮ ಕೊನೇಗೆ ನಂಗೆ ಅಂತ ಮಾಡಿಕೊಟ್ಟಿದ್ದು ಅದೊಂದೇ. ಕೊಡಿ."

ಅವಳು ಅಂಗೈ ಚಾಚಿದಳು. ದಾರ ಎಳೆದೆಳೆದು ಬೆರಳ ಸಂದಿಯಲ್ಲಿ ಚರ್ಮ ಸೀಳಿತ್ತು. ಸಾಕ್ಷಿಯನ್ನು ಯಾರ ಕೈಗೂ ಕೊಡಬಾರದು ಎಂದು ಊರಿಗೆಲ್ಲ ಪಾಠ ಹೇಳುವ ಟಾರ್ಚಮ್ಮ ಆ ಪಿನ್ನನ್ನು ಅವಳ ಅಂಗೈಯಲ್ಲಿ ಇಟ್ಟಳು.

ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಕೆನ್ನೆಗೆ ಒತ್ತಿಕೊಂಡಳು. ಮೂರು ವಾರದಲ್ಲಿ ಮೊದಲ ಸಲ ಆ ಮುಖದ ಮೇಲೆ ಸಣ್ಣ ನಗು ಬಂತು. ಕೇಳದೆಯೇ ಹೇಳತೊಡಗಿದಳು. ಅದು ಬುಧವಾರ. ಶನಿವಾರಕ್ಕೆ ಮುಂದಿನ ಸೀಟುಗಳು ಆಗಲೇಬೇಕಿತ್ತು, ಹಾಳಾದ ಕೀಲಿನ ಪಿನ್ನು ಅವತ್ತೇ ಮುರಿಯಬೇಕೇ. ಅವರು ಎರಡು ಸಲ ತಂತಿ ಸುತ್ತಿಕೊಟ್ಟರು, ಎರಡು ಸಲವೂ ಪಟ್ಟೆಂದಿತು. ಆ ಅಳತೆಯ ಪಿನ್ನು ಡಬ್ಬದಲ್ಲಿ ಮುಗಿದಿತ್ತು, ಮರುದಿನ ಬರಬೇಕಿತ್ತು. ನಾನು ಅಳುಮೋರೆ ಮಾಡಿ ಕೂತಿದ್ದಕ್ಕೆ, ಒಂದು ಸೀಟಿಗೆ ಇಷ್ಟು ಅಳ್ತಾರಾ ಎಂದು ತಲೆಗೆ ಮೊಟಕಿ ಹೋದವರು ಐದೇ ನಿಮಿಷಕ್ಕೆ ಇದನ್ನು ತಂದು ಹಾಕಿಕೊಟ್ಟರು. ತುಳಿ ನೋಡೋಣ ಎಂದು ಪಕ್ಕದಲ್ಲೇ ಕೂತು ನೋಡಿದರು.

ಟಾರ್ಚಮ್ಮ ಕಣ್ಣೊರೆಸಿಕೊಂಡಳು. ಕೇಳಬಾರದೆಂದು ಮನಸ್ಸು ಹೇಳಿತು. ಆದರೆ ಒಂದು ಪ್ರಶ್ನೆ ಬಾಕಿ ಬಿಟ್ಟು ಎದ್ದುಹೋಗುವುದು ಅವಳ ಕೈಯಲ್ಲಿ ಎಂದೂ ಆಗಿರಲಿಲ್ಲ.

"ಎಲ್ಲಿಂದ ತಂದ ಅಂತ ಹೇಳಿದ್ನಾ?"

"ನಂಗೆ ಹೇಳ್ಲಿಲ್ಲ. ಮಾವನಿಗೆ ಹೇಳಿದ್ರು. ಇಲ್ಲಿಂದ್ಲೇ ಕೂಗಿದ್ರು, ಅಪ್ಪ, ಅಜ್ಜಿದೊಂದು ಪಿನ್ನು ತಗೊಂಡಿದೀನಿ, ನಾಳೆ ಪಿನ್ನು ಬಂದ ತಕ್ಷಣ ನೀನೇ ಹಾಕ್ಬಿಡು ಅಂತ. ಸ್ಟೀರಿಂಗ್‌ದು ನೀನೇ ಹಾಕ್ಬೇಕಲ್ಲ ಅಂತ ನಗಾಡಿದ್ರು. ಮಾವ ಹ್ಞೂಂ ಅಂದ್ರು. ನಾನೇ ಕೇಳಿಸ್ಕೊಂಡೆ."

ಕೋಣೆಯಲ್ಲಿ ಥಿನ್ನರಿನ ವಾಸನೆ ತುಂಬಿತ್ತು. ಟಾರ್ಚಮ್ಮ ನೆಲದಿಂದ ಎದ್ದಳು.

ಮಗ ಹೇಳಿದ್ದ. ಅಪ್ಪ ಹಾಕಿರುತ್ತಾನೆಂದು ನಂಬಿ ಶನಿವಾರ ಕಾರು ಹತ್ತಿದ್ದ. ಈ ಗ್ಯಾರೇಜಿನಲ್ಲಿ ಹುಟ್ಟಿ ಬೆಳೆದವನಿಗೆ ಅದಕ್ಕಿಂತ ದೊಡ್ಡ ನಂಬಿಕೆ ಬೇರೆ ಇರಲಿಲ್ಲ, ಬಗ್ಗಿ ನೋಡುವ ಯೋಚನೆಯೂ ಅವನಿಗೆ ಬಂದಿರಲಾರದು.

ಅವಳು ತಿರುಗಿದಳು. ಅಪ್ಪ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಕಾರ್ಬುರೇಟರು ಒರೆಸುತ್ತಿದ್ದ ಬಟ್ಟೆ ಇನ್ನೂ ಕೈಯಲ್ಲೇ ಇತ್ತು.

"ಅಪ್ಪ. ಅವನು ನಿಂಗೆ ಹೇಳಿದ್ನಾ?"

ಅಪ್ಪ ಅವಳನ್ನು ನೋಡಿದ. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಭಯವಿರಲಿಲ್ಲ. ತುಂಬಾ ದಣಿವಿತ್ತು.

"ಆಗಿನಿಂದ ಅದನ್ನೇ ಹೇಳ್ತಿದೀನಲ್ಲಮ್ಮ. ನಾನು ಮರೆತೆ ಅಂತ. ನೀನೇ ನಂಬ್ಲಿಲ್ಲ."

ತಮ್ಮನ ಹೆಂಡತಿ ಪಿನ್ನನ್ನು ಕೆನ್ನೆಯಿಂದ ತೆಗೆದಳು. ಒಮ್ಮೆ ಅಕ್ಕನನ್ನು, ಒಮ್ಮೆ ಮಾವನನ್ನು ನೋಡಿದಳು.

"ಏನು ಮರೆತ್ರಿ ಮಾವ?"